ವ್ಯಸನಿಗಳಿಗೆ ಬಾಗಿಲು ತೆರೆದ ವೈದ್ಯರು: ಡಾ. ಬಾಬ್ ಸ್ಮಿತ್

ಜ್ವರದಿಂದ ಮಲಗಿದವನ ಮನೆಗೆ ನೆರೆಹೊರೆಯವರು ಹೋಗಿ ಯೋಗಕ್ಷೇಮ ವಿಚಾರಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕುಡಿತಕ್ಕೆ ಬಿದ್ದವನ ಮನೆಯ ಕಡೆಗೆ ಮಾತ್ರ ಯಾರೂ ಸುಳಿಯುವುದಿಲ್ಲ. ಲೋಕವು ಅವನನ್ನು ನೋಡಿ ನಗುತ್ತದೆ, ಇಲ್ಲವೆ ಜರೆಯುತ್ತದೆ. ಮನೆಯವರು ನಾಚಿಕೆಯಿಂದ ಸಂಗತಿಯನ್ನು ಮುಚ್ಚಿಡುತ್ತಾರೆ. ಹೀಗೆ ಉಪಾಯವಿರುವ ರೋಗವೂ ನಿರುಪಾಯವಾಗಿ ಬೆಳೆಯುತ್ತದೆ. ಹೆಂಡ ಮಾರಿ ಬದುಕುತ್ತಿದ್ದ ಮಾರಯ್ಯನನ್ನು ಕಲ್ಯಾಣದ ಶರಣರು ಹೊರಗೆ ನಿಲ್ಲಿಸದೆ ತಮ್ಮವನೆಂದು ಒಳಗೆ ಕರೆದುಕೊಂಡರೆಂಬುದನ್ನು ವಾಚಕರು ಬಲ್ಲರು. ಹೊರಗೆ ನಿಂತವನನ್ನು ಒಳಗೆ ಕರೆಯುವ ಆ ಸದ್ಗುಣವು ಒಂದೇ ದೇಶಕ್ಕೆ, ಒಂದೇ ಕಾಲಕ್ಕೆ ಮೀಸಲಾದುದಲ್ಲ. ತಾನೇ ವ್ಯಸನದ ಕೂಪದಲ್ಲಿ ಬಿದ್ದು, ಮೇಲೆದ್ದು, ಉಳಿದವರಿಗೆ ಕೈನೀಡಿದ ಅಮೇರಿಕೆಯ ವೈದ್ಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಬರ್ಟ್ ಹಾಲ್‌ಬ್ರುಕ್ ಸ್ಮಿತ್ ಎಂಬುದು ಅವರ ಪೂರ್ಣ ಹೆಸರು. ಡಾಕ್ಟರ್ ಬಾಬ್ ಎಂಬುದು ಜನರು ಪ್ರೀತಿಯಿಂದ ಕರೆದ ಹೆಸರು. ಅಮೇರಿಕೆಯ ವರ್ಮಾಂಟ್ ಸಂಸ್ಥಾನದ ಸೇಂಟ್ ಜಾನ್ಸ್‌ಬರಿ ಎಂಬ ಊರಿನಲ್ಲಿ 1879ನೆಯ ಇಸವಿ ಆಗಸ್ಟ್ 8ರಂದು ಅವರ ಜನನವಾಯಿತು. ತಂದೆಯವರು ನ್ಯಾಯಾಧೀಶರು. ಮನೆಯಲ್ಲಿ ಕಟ್ಟುನಿಟ್ಟು ಬಹಳ. ವಾರದಲ್ಲಿ ಹಲವು ಸಾರಿ ಚರ್ಚಿಗೆ ಹೋಗಲೇಬೇಕು. ಸಂಜೆ ಬೇಗನೆ ಹಾಸಿಗೆ ಸೇರಲೇಬೇಕು. ಒಳಗಿನ ಒಲವಿಲ್ಲದೆ ಹೊರಗಿನ ಬಲವಂತದಿಂದ ಬಂದ ಆಚಾರವು ಬಾಲಕನ ಮನಸ್ಸಿನಲ್ಲಿ ಬೇರೂರಲಿಲ್ಲ. ಸ್ವತಂತ್ರನಾದ ಮೇಲೆ ಚರ್ಚಿನ ಮೆಟ್ಟಿಲನ್ನು ತುಳಿಯಲಾರೆನೆಂದು ಆತನು ಎಳೆಯ ವಯಸ್ಸಿನಲ್ಲಿಯೇ ನಿಶ್ಚಯಿಸಿಕೊಂಡನು.

ಡಾರ್ಟ್‌ಮತ್ ಕಾಲೇಜಿನಲ್ಲಿ ಓದಿ 1902ರಲ್ಲಿ ಪದವೀಧರರಾದರು. ಮದ್ಯದ ರುಚಿ ಗಟ್ಟಿಯಾದದ್ದು ಈ ಕಾಲೇಜಿನ ದಿನಗಳಲ್ಲಿಯೇ. ಎಷ್ಟು ಕುಡಿದರೂ ಮರುದಿನ ತಲೆ ಸಿಡಿಯದಿರುವುದನ್ನು ಅವರು ತಮ್ಮ ಸಾಮರ್ಥ್ಯವೆಂದು ತಿಳಿದರು. ಅದು ಮುಂಬರುವ ಕೇಡಿನ ಸೂಚನೆಯಾಗಿತ್ತು. ಮೂರು ವರ್ಷ ವ್ಯಾಪಾರದಲ್ಲಿದ್ದು, ಬಳಿಕ ವೈದ್ಯಶಿಕ್ಷಣಕ್ಕಾಗಿ ಮಿಶಿಗನ್ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿ ಕುಡಿತ ಮಿತಿಮೀರಿದ್ದರಿಂದ ಅಲ್ಲಿಂದ ಹೊರಡಬೇಕಾಗಿ ಬಂದು, ಚಿಕಾಗೋ ನಗರದ ರಷ್ ವೈದ್ಯ ಕಾಲೇಜಿಗೆ ಹೋದರು. ಅಲ್ಲಿಯೂ ಅದೇ ಅವಸ್ಥೆ. ಕೊನೆಗೆ ಹೆಚ್ಚಿನ ಅವಧಿಯನ್ನು ಮದ್ಯವಿಲ್ಲದೆ ಕಳೆದು ತೋರಿಸಿದ ಮೇಲೆಯೇ 1910ರಲ್ಲಿ ಅವರಿಗೆ ವೈದ್ಯಪದವಿ ದೊರಕಿತು. ಅನಂತರ ಒಹಾಯೋ ಸಂಸ್ಥಾನದ ಆಕ್ರನ್ ನಗರದ ಸಿಟಿ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿ, ಅದೇ ಊರಿನಲ್ಲಿ ವೈದ್ಯವೃತ್ತಿಯನ್ನು ಹಿಡಿದರು. ರಬ್ಬರ್ ಚಕ್ರಗಳ ಕಾರ್ಖಾನೆಗಳಿಂದ ಹೆಸರಾದ ಈ ನಗರವೇ ಅವರ ಕರ್ಮಭೂಮಿಯಾಯಿತು.

ವೈದ್ಯನಿಗೇ ರೋಗ

ಕೈಯಲ್ಲಿ ಕಸುಬು ಬಂದಿತು. ಅದರೊಡನೆ ವ್ಯಸನವೂ ಬಲಿಯಿತು. ಕುಡಿತವನ್ನು ಬಿಡಿಸಿಕೊಳ್ಳಲೆಂದು ಅವರು ತಾವಾಗಿಯೇ ಹತ್ತಾರು ಸಾರಿ ಆರೋಗ್ಯಧಾಮಗಳನ್ನು ಸೇರಿ ಹೊರಬಂದರು. ಒಮ್ಮೆ ತಂದೆಯವರು ಬೇರೊಬ್ಬ ವೈದ್ಯರನ್ನು ಕಳುಹಿಸಿ ಮಗನನ್ನು ಊರಿಗೆ ಕರೆಯಿಸಿಕೊಂಡರು. ಎರಡು ತಿಂಗಳು ಹಾಸಿಗೆಯಲ್ಲಿದ್ದು ಮರಳಿದರು. 1915ರಲ್ಲಿ ಆ್ಯನ್ ರಿಪ್ಲಿ ಎಂಬ ಸಾಧ್ವಿಯೊಡನೆ ಅವರ ವಿವಾಹವಾಯಿತು. ಬಹಳ ವರ್ಷ ಅವರಿಗಾಗಿ ಕಾದಿದ್ದ ಆ ತಾಯಿಯು ಮುಂದೆ ಇಪ್ಪತ್ತು ವರ್ಷ ಈ ಸಂಕಟವನ್ನು ಹೊತ್ತು ಸಂಸಾರವನ್ನು ನಡೆಸಿದರು.

1920ರಲ್ಲಿ ಅಮೇರಿಕೆಯಲ್ಲಿ ಪಾನನಿರೋಧದ ಶಾಸನವು ಜಾರಿಗೆ ಬಂದಾಗ, ಇನ್ನು ತಮಗೆ ಬಿಡುಗಡೆಯಾಯಿತೆಂದು ಸ್ಮಿತ್ ನಂಬಿದರು. ಆದರೆ ಔಷಧಕ್ಕೆಂದು ಮದ್ಯವನ್ನು ಪಡೆಯಲು ವೈದ್ಯರಿಗೆ ಶಾಸನವೇ ಅವಕಾಶವಿತ್ತಿತ್ತು. ಅದು ಸಾಲದಿದ್ದರೆ ಕಳ್ಳವ್ಯಾಪಾರಿಗಳಿದ್ದರು. ಕಲ್ಲಿದ್ದಲಿನ ರಾಶಿಯಲ್ಲಿಯೂ ನೆಲಮಾಳಿಗೆಯ ತೊಲೆಗಳ ಮೇಲೆಯೂ ಸೀಸೆಗಳನ್ನು ಬಚ್ಚಿಡುವುದು ಅವರ ನಿತ್ಯದ ಕೆಲಸವಾಯಿತು. 1933ರಲ್ಲಿ ಆ ಶಾಸನವು ರದ್ದಾಯಿತು. ಅವರ ಕುಡಿತ ಬಂದಾಗಲೂ ನಿಂತಿರಲಿಲ್ಲ, ಹೋದಾಗಲೂ ನಿಲ್ಲಲಿಲ್ಲ. ಅಂಗಡಿಯ ಬಾಗಿಲು ಮುಚ್ಚಿದ ಮಾತ್ರಕ್ಕೆ ದೇಹದೊಳಗಿನ ಹಸಿವು ಮುಚ್ಚುವುದಿಲ್ಲವೆಂಬುದಕ್ಕೆ ಅವರ ಬಾಳೇ ನಿದರ್ಶನ.

ಅವರು ನಿಪುಣ ಶಸ್ತ್ರವೈದ್ಯರು. ತಮ್ಮ ದೇಹವು ಹಾಳಾಗುತ್ತಿರುವುದನ್ನು ಉಳಿದವರಿಗಿಂತ ಚೆನ್ನಾಗಿ ಅರಿತಿದ್ದರು. ಕುಡಿತ ಬಿಡುವೆನೆಂದು ಪತ್ನಿಗೆ ಕೊಟ್ಟ ಮಾತುಗಳು ಲೆಕ್ಕವಿಲ್ಲದಷ್ಟು. ಅರಿವೂ ಇತ್ತು, ಸಂಕಲ್ಪವೂ ಇತ್ತು, ಆದರೂ ಸಾಧ್ಯವಾಗಲಿಲ್ಲ. ಮನಸ್ಸು ಮಾಡಿದರೆ ಬಿಡಬಹುದೆಂದು ಕುಡುಕನಿಗೆ ಬುದ್ಧಿ ಹೇಳುವ ನಾವೆಲ್ಲರೂ ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು.

ಇಬ್ಬರ ಭೇಟಿ

1935ನೆಯ ಇಸವಿ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಬಿಲ್ ವಿಲ್ಸನ್ ಎಂಬುವರು ವ್ಯವಹಾರಕ್ಕಾಗಿ ಆಕ್ರನ್ನಿಗೆ ಬಂದರು. ಅವರೂ ಹಿಂದೆ ಕಡುಕುಡುಕರಾಗಿದ್ದು, ಹಿಂದಿನ ಡಿಸೆಂಬರಿನಿಂದ ಮದ್ಯವನ್ನು ಮುಟ್ಟಿರಲಿಲ್ಲ. ಬಂದ ಕಾರ್ಯ ಕೆಟ್ಟಿತು. ಹೋಟೆಲಿನಲ್ಲಿ ಒಂಟಿಯಾಗಿದ್ದಾಗ ಕುಡಿಯುವ ಆಸೆ ಕೆರಳಿತು. ಇನ್ನೊಬ್ಬ ವ್ಯಸನಿಯೊಡನೆ ಮಾತನಾಡಿದರೆ ಮಾತ್ರ ತಾವು ಉಳಿಯುವೆವೆಂದು ಅರಿತ ಅವರು, ಪಾದ್ರಿಗಳಿಗೆ ದೂರವಾಣಿ ಮಾಡಿ ಅಂತಹವನೊಬ್ಬನನ್ನು ತೋರಿಸಿರೆಂದು ಬೇಡಿದರು. ಆ ಹುಡುಕಾಟವು ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಸದ್ಗೃಹಿಣಿಯ ಮೂಲಕ ಡಾಕ್ಟರ್ ಬಾಬರಲ್ಲಿಗೆ ಮುಟ್ಟಿತು.

ಮೇ 12ರಂದು ಸಂಜೆ ಆಕೆಯ ಮನೆಯಲ್ಲಿ ಇಬ್ಬರೂ ಭೇಟಿಯಾದರು. ಕಾಲು ಗಂಟೆ ಕುಳಿತು ಎದ್ದುಬಿಡಬೇಕೆಂದು ಬಂದಿದ್ದ ವೈದ್ಯರು ರಾತ್ರಿ ಹನ್ನೊಂದು ದಾಟುವವರೆಗೆ ಕುಳಿತರು. ಅದುವರೆಗೆ ಅವರಿಗೆ ಉಪದೇಶ ಮಾಡಿದವರು ಅನೇಕರು. ತನ್ನ ಕಥೆಯನ್ನು ನಾಚಿಕೆಯಿಲ್ಲದೆ ಬಿಚ್ಚಿಟ್ಟವನು ಇವನೊಬ್ಬನೇ. ಮುಂದೆ ಬಿಲ್ ಅವರ ಮನೆಯಲ್ಲಿಯೇ ಉಳಿದರು. ನಡುವೆ ವೈದ್ಯರ ಸಮ್ಮೇಳನಕ್ಕೆ ಹೋದ ಸ್ಮಿತ್ ಮತ್ತೆ ಜಾರಿಬಿದ್ದರು. ಹಿಂದಿರುಗಿದ ಮೇಲೆ ಇಬ್ಬರೂ ಕೂಡಿ ಅವರನ್ನು ಚೇತರಿಸಿದರು. 1935ರ ಜೂನ್ 10ರಂದು, ಶಸ್ತ್ರಕ್ರಿಯೆಗೆ ಹೊರಟಾಗ ಕೈನಡುಕ ನಿಲ್ಲಲೆಂದು ಕುಡಿದ ಬಿಯರೇ ಅವರ ಕೊನೆಯ ಪಾನವೆಂದು ಪ್ರಸಿದ್ಧವಾಗಿದೆ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಸಂಘದ ಆರಂಭವೆಂದು ಎಣಿಸುತ್ತಾರೆ. ಶುಲ್ಕವಿಲ್ಲದ, ಸದಸ್ಯರ ಹೆಸರನ್ನು ಹೊರಗೆಡಹದ, ಒಬ್ಬ ವ್ಯಸನಿಯು ಇನ್ನೊಬ್ಬನಿಗೆ ಆಸರೆಯಾಗುವ ಸಂಘವಿದು.

ಮುಚ್ಚಿದ ಬಾಗಿಲು

ತಾವು ಉಳಿದೆವೆಂದು ಡಾಕ್ಟರ್ ಬಾಬ್ ಸುಮ್ಮನೆ ಕೂರಲಿಲ್ಲ. ಆದರೆ ಉಳಿದವರನ್ನು ಉಳಿಸಲು ಹೊರಟಾಗ ಎದುರಾದದ್ದು ಮುಚ್ಚಿದ ಬಾಗಿಲು. ಕುಡಿತವನ್ನು ಥಟ್ಟನೆ ನಿಲ್ಲಿಸಿದಾಗ ಕೆಲವರಿಗೆ ನಡುಕ, ಸೆಳೆತ, ಬುದ್ಧಿಭ್ರಮೆಗಳು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದುದರಿಂದ ಮೊದಲ ಕೆಲವು ದಿನ ಅವರಿಗೆ ವೈದ್ಯರ ಆರೈಕೆ ಬೇಕು. ಅಂದಿನ ಸಾಮಾನ್ಯ ಆಸ್ಪತ್ರೆಗಳಾದರೋ ಕುಡುಕರನ್ನು ಒಳಗೆ ಬಿಡುತ್ತಿರಲಿಲ್ಲ. ಗದ್ದಲ ಮಾಡುವರು, ಹಣ ಕೊಡಲಾರರು, ಮತ್ತೆ ಕುಡಿಯುವರು ಎಂಬುದು ಅವರ ಆಕ್ಷೇಪ. ಹಣವಂತನಿಗೆ ಖಾಸಗಿ ಆರೋಗ್ಯಧಾಮವಿತ್ತು. ಬಡವನಿಗೆ ಸೆರೆಮನೆ ಅಥವಾ ಹುಚ್ಚರ ಆಸ್ಪತ್ರೆ. ಸ್ಮಿತ್‌ರವರು ಬೇರೆ ರೋಗದ ಹೆಸರು ಬರೆದು ತಮ್ಮ ರೋಗಿಗಳಿಗೆ ಹಾಸಿಗೆ ದೊರಕಿಸಬೇಕಾಗುತ್ತಿತ್ತು.

ಆಗ ಅವರಿಗೆ ನೆರವಾದವರು ಸಿಸ್ಟರ್ ಇಗ್ನೇಷಿಯಾ. 1889ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೇರಿಕೆಗೆ ಬಂದ ಈ ಕ್ರೈಸ್ತ ಸಂನ್ಯಾಸಿನಿಯು ಸಂಗೀತದ ಉಪಾಧ್ಯಾಯಿನಿಯಾಗಿದ್ದರು. ಆರೋಗ್ಯ ಕುಸಿದಾಗ ಅವರನ್ನು ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ರೋಗಿಗಳ ಹೆಸರು ದಾಖಲಿಸುವ ಕೆಲಸಕ್ಕೆ ನೇಮಿಸಿದ್ದರು. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬರ ಬಿನ್ನಹದಂತೆ ಅವರು ಒಬ್ಬ ವ್ಯಸನಿಯನ್ನು ಹೊಟ್ಟೆಯ ಉರಿಯೂತವೆಂಬ ಹೆಸರಿನಿಂದ ಸೇರಿಸಿಕೊಂಡರು. ಇತರ ವ್ಯಸನಮುಕ್ತರು ಬಂದು ಅವನೊಡನೆ ಮಾತನಾಡಲು ಏಕಾಂತ ಬೇಕಾಗಿತ್ತು. ಬೇರೆ ಕೋಣೆ ಖಾಲಿಯಿರಲಿಲ್ಲ. ರೋಗಿಗಳಿಗೆ ಬಂದ ಹೂಗಳನ್ನು ಅಣಿಗೊಳಿಸುವ ಸಣ್ಣ ಕೋಣೆಗೆ ಆ ಹಾಸಿಗೆಯನ್ನು ತಳ್ಳಿಸಿದರು. ಹೂವಿನ ಕೋಣೆಯಲ್ಲಿ ಹೀಗೆ ಆರಂಭವಾದ ಕಾರ್ಯವು ಮುಂದೆ ಆಸ್ಪತ್ರೆಯ ಒಪ್ಪಿಗೆ ಪಡೆದು ಪ್ರತ್ಯೇಕ ವಿಭಾಗವಾಗಿ ಬೆಳೆಯಿತು.

ರೋಗಿಯು ಅಲ್ಲಿ ಕೆಲವೇ ದಿನ ಇರುತ್ತಿದ್ದನು. ಔಷಧದಿಂದ ದೇಹವು ಸ್ಥಿಮಿತಕ್ಕೆ ಬರುತ್ತಿದ್ದಂತೆ ಗುಣಹೊಂದಿದವರು ಬಂದು ಅವನ ಮಗ್ಗುಲಲ್ಲಿ ಕುಳಿತುಕೊಳ್ಳುತ್ತಿದ್ದರು. ಮನೆಗೆ ಹೋದ ಮೇಲೂ ಅವರ ಸಂಗ ತಪ್ಪುತ್ತಿರಲಿಲ್ಲ. ಸ್ಮಿತ್ ದಂಪತಿಗಳ ಮನೆಯಂತೂ ಇಂತಹವರಿಗೆ ಸದಾ ತೆರೆದಿತ್ತು. ಆ್ಯನ್ ತಾಯಿಯವರು ಅವರಿಗೆ ಉಣಬಡಿಸಿ, ಬೆಳಗಿನ ಪ್ರಾರ್ಥನೆಗೆ ಜೊತೆಯಲ್ಲಿ ಕುಳ್ಳಿರಿಸಿಕೊಳ್ಳುತ್ತಿದ್ದರು. ಸಾಲದ ಭಾರವಿದ್ದ ಮನೆಯಲ್ಲಿ ಈ ಅನ್ನದಾನ ನಡೆಯಿತೆಂಬುದನ್ನು ಮರೆಯಲಾಗದು. ಡಾಕ್ಟರ್ ಬಾಬ್ ತಮ್ಮ ಜೀವಮಾನದಲ್ಲಿ ಸುಮಾರು 5,000 ವ್ಯಸನಿಗಳನ್ನು ಉಪಚರಿಸಿದರು. ಅವರಿಂದ ತಮ್ಮ ಶ್ರಮಕ್ಕೆ ಪ್ರತಿಫಲವನ್ನು ಪಡೆಯಲಿಲ್ಲ. ಕಾಯಕವು ದಾಸೋಹವಾಗುವ ಬಗೆಯನ್ನು ಬಲ್ಲ ನಮ್ಮ ವಾಚಕರಿಗೆ ಇದರ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1949ರ ಜೂನ್ 1ರಂದು ಆ್ಯನ್ ತೀರಿಕೊಂಡರು. ಅರ್ಬುದರೋಗದಿಂದ ಬಳಲುತ್ತಿದ್ದರೂ ಸ್ಮಿತ್‌ರವರು 1950ರ ಜುಲೈಯಲ್ಲಿ ಕ್ಲೀವ್‌ಲೆಂಡಿನ ಮಹಾಸಮ್ಮೇಳನಕ್ಕೆ ಹೋಗಿ, ಸರಳತೆ, ಪ್ರೀತಿ, ಸೇವೆಗಳನ್ನು ಕುರಿತು ನಾಲ್ಕು ಮಾತು ಹೇಳಿ ಬಂದರು. ಅದೇ ವರ್ಷ ನವೆಂಬರ್ 16ರಂದು ದೇಹವನ್ನು ಬಿಟ್ಟರು. ಸಿಸ್ಟರ್ ಇಗ್ನೇಷಿಯಾ 1952ರಲ್ಲಿ ಕ್ಲೀವ್‌ಲೆಂಡಿಗೆ ಹೋಗಿ ಅಲ್ಲಿಯೂ ಇಂತಹ ವಿಭಾಗವನ್ನು ತೆರೆದು ನಡೆಸಿ, 1966ರಲ್ಲಿ ತೀರಿಕೊಂಡರು. ಮದ್ಯವ್ಯಸನವು ರೋಗವೇ ಆಗಿದ್ದು, ಅಂತಹವರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳಬೇಕೆಂದು ಅಮೇರಿಕೆಯ ವೈದ್ಯಸಂಘವು 1956ರಲ್ಲಿ ಸಾರಿತು.

ನಮ್ಮ ಕರ್ತವ್ಯ

ಬಾಗಿಲು ಪೂರ್ತಿಯಾಗಿ ತೆರೆಯಿತೇ? ಭಾರತ ಸರ್ಕಾರವು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು; ಆಸ್ಪತ್ರೆಯಲ್ಲಿದ್ದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ದೂರ, ಖರ್ಚು, ನಾಚಿಕೆ, ಅಜ್ಞಾನ ಇವು ಕೂಡಿ ಈ ಕಂದರವನ್ನು ತೋಡಿವೆ. ವ್ಯಸನಕ್ಕೆ ಬಿದ್ದ ಹೆಣ್ಣುಮಕ್ಕಳಿಗಂತೂ ಅದನ್ನು ಬಾಯಿಬಿಟ್ಟು ಹೇಳುವುದೇ ದುಸ್ತರ.

ನಮ್ಮ ನಾಡಿನಲ್ಲಿ ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಮಹಾಂತ ಜೋಳಿಗೆಯನ್ನು ಹಿಡಿದು, ಧನಧಾನ್ಯಗಳಿಗೆ ಬದಲಾಗಿ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. 2018ರಲ್ಲಿ ಲಿಂಗೈಕ್ಯರಾದ ಆ ಪೂಜ್ಯರ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜೋಳಿಗೆಗೆ ಚಟವನ್ನು ಹಾಕಿದವನು ಅಂದಿನ ರಾತ್ರಿ ನಡುಗುತ್ತ ಮಲಗಿದಾಗ ಅವನಿಗೆ ವೈದ್ಯನೂ ಬೇಕು, ಜೊತೆಗಾರನೂ ಬೇಕು. ಸಂಕಲ್ಪವು ಗುರುವಿನ ಮುಂದೆ ಹುಟ್ಟಬಹುದು. ಅದನ್ನು ಉಳಿಸುವ ಹೊಣೆ ಊರಿನವರೆಲ್ಲರದು.

ಆದುದರಿಂದ ಸದ್ಭಕ್ತರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡಬೇಕು. ಬಹುಕಾಲ ದಿನವೂ ಕುಡಿಯುತ್ತಿದ್ದವನನ್ನು ಕೋಣೆಯಲ್ಲಿ ಕೂಡಿಹಾಕಿ ಥಟ್ಟನೆ ಬಿಡಿಸಲು ಹೋಗಬಾರದು. ಮೊದಲು ವೈದ್ಯರಿಗೆ ತೋರಿಸಬೇಕು. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವುಗಳಲ್ಲಿ ವಿಚಾರಿಸಬಹುದು. 14446 ಎಂಬ ವ್ಯಸನಮುಕ್ತಿಯ ಸಹಾಯವಾಣಿಗೂ, 14416 ಎಂಬ ಟೆಲಿ ಮಾನಸ್ ಸಂಖ್ಯೆಗೂ ಖರ್ಚಿಲ್ಲದೆ ಕರೆ ಮಾಡಬಹುದು. ಕುಡಿಯುವ ಬಯಕೆಯನ್ನು ತಗ್ಗಿಸುವ ಔಷಧಗಳೂ ಈಗ ಇವೆ. ಒಮ್ಮೆ ಬಿಟ್ಟವನು ಮತ್ತೆ ಜಾರಿದರೆ ಚಿಕಿತ್ಸೆ ವ್ಯರ್ಥವಾಯಿತೆಂದು ಕೈಬಿಡಬಾರದು. ಡಾಕ್ಟರ್ ಬಾಬರೂ ಕೊನೆಗೊಮ್ಮೆ ಜಾರಿಯೇ ಎದ್ದವರು.

ಹತ್ತಾರು ಸಾರಿ ಸೋತ ಒಬ್ಬ ಕುಡುಕನ ಮುಂದೆ ಇನ್ನೊಬ್ಬನು ಬಂದು ಕುಳಿತುದರಿಂದ ಸಾವಿರಾರು ಮನೆಗಳಲ್ಲಿ ದೀಪ ಉಳಿಯಿತು. ನಮ್ಮ ಓಣಿಯಲ್ಲಿ ಬಾಗಿಲು ಮುಚ್ಚಿಕೊಂಡು ಅಳುವ ಒಂದು ಮನೆಯಾದರೂ ಇರುತ್ತದೆ. ಆ ಬಾಗಿಲನ್ನು ಇಂದು ಸಂಜೆ ಮೆಲ್ಲನೆ ತಟ್ಟಿ, ಆಸ್ಪತ್ರೆಗೆ ಜೊತೆಯಲ್ಲಿ ಬರುವೆನೆಂದು ಹೇಳುವುದು ನಮ್ಮಿಂದ ಆಗುವ ಕೆಲಸ.