ರಿಪೇರಿಗೆ ಬಂದ ಯಂತ್ರ ಮತ್ತು ಜೇಮ್ಸ್ ವಾಟ್

ಕೆಟಲಿನ ಮುಚ್ಚಳ ಕುಣಿದದ್ದನ್ನು ಕಂಡು ಜೇಮ್ಸ್ ವಾಟ್ ಉಗಿಯಂತ್ರ ಕಂಡುಹಿಡಿದ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಆದರೆ ಆತ ಹುಟ್ಟುವ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಥಾಮಸ್ ನ್ಯೂಕಮೆನ್ ಕಲ್ಲಿದ್ದಲ ಗಣಿಯ ನೀರೆತ್ತುವ ಉಗಿಯಂತ್ರ ನಿಲ್ಲಿಸಿದ್ದ. ಆ ಯಂತ್ರದ ಕುಂದನ್ನು ಹುಡುಕಿ ತೆಗೆದವನು ವಾಟ್.

ವಾಟ್ ಹುಟ್ಟಿದ್ದು 1736ರ ಜನವರಿ 19ರಂದು, ಸ್ಕಾಟ್ಲೆಂಡಿನ ಗ್ರೀನಕ್ ಎಂಬ ಬಂದರು ಊರಿನಲ್ಲಿ. ಲಂಡನ್ನಿನಲ್ಲಿ ಒಂದು ವರ್ಷ ಉಪಕರಣ ತಯಾರಿಕೆ ಕಲಿತು ಗ್ಲಾಸ್ಗೋಗೆ ಬಂದಾಗ, ಏಳು ವರ್ಷ ಗುರುವಿನ ಕೈಕೆಳಗೆ ದುಡಿದಿಲ್ಲವೆಂದು ಕುಶಲಕರ್ಮಿಗಳ ಸಂಘ ಅಂಗಡಿ ತೆರೆಯಲು ಬಿಡಲಿಲ್ಲ. 1757ರಲ್ಲಿ ವಿಶ್ವವಿದ್ಯಾಲಯವೇ ತನ್ನ ಆವರಣದಲ್ಲಿ ಜಾಗ ಕೊಟ್ಟಿತು.

1763–64ರ ಚಳಿಗಾಲದಲ್ಲಿ, ಪಾಠಕ್ಕೆಂದು ಇಟ್ಟಿದ್ದ ನ್ಯೂಕಮೆನ್ ಯಂತ್ರದ ಮಾದರಿ ದುರಸ್ತಿಗೆ ಬಂತು. ಸರಿಪಡಿಸಿದರೂ ಕೆಲವೇ ಸಲ ಆಡಿ, ಉಗಿ ಸಾಲದೆ ನಿಂತುಬಿಡುತ್ತಿತ್ತು. ಸಿಲಿಂಡರಿನೊಳಗೆ ತಣ್ಣೀರು ಚಿಮ್ಮಿಸಿ ಉಗಿಯನ್ನು ನೀರಾಗಿಸಿದರೆ ನಿರ್ವಾತ ಉಂಟಾಗಿ, ಹೊರಗಿನ ಗಾಳಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತಿತ್ತು. ಪ್ರತಿ ಸಲವೂ ತಣ್ಣಗಾದ ಸಿಲಿಂಡರನ್ನು ಮತ್ತೆ ಕಾಯಿಸಲು ಉಗಿಯ ದೊಡ್ಡ ಪಾಲು ಹಾಳಾಗುತ್ತಿತ್ತು. 1765ರಲ್ಲಿ ವಾಟ್‌ಗೆ ಪರಿಹಾರ ಹೊಳೆಯಿತು: ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸಬೇಕು, ಸಿಲಿಂಡರು ಸದಾ ಬಿಸಿಯಾಗಿರಬೇಕು.

ಅದು ಕೆಲಸ ಮಾಡುವ ಯಂತ್ರವಾಗಲು ಹನ್ನೊಂದು ವರ್ಷ ಹಿಡಿಯಿತು. ಹಣ ಹಾಕಿದ್ದ ಜಾನ್ ರೋಬಕ್ ದಿವಾಳಿಯಾದ. ವಾಟ್ ಹೊಟ್ಟೆಪಾಡಿಗೆ ಕಾಲುವೆಗಳ ಸರ್ವೆ ಮಾಡಿದ. 1773ರಲ್ಲಿ ಹೆಂಡತಿ ತೀರಿಕೊಂಡಳು. ಮರುವರ್ಷ ಬರ್ಮಿಂಗ್‌ಹ್ಯಾಮಿಗೆ ಹೋಗಿ ಮ್ಯಾಥ್ಯೂ ಬೌಲ್ಟನ್‌ನ ಜೊತೆ ಸೇರಿದ. ಫಿರಂಗಿ ಕೊರೆಯುವುದರಲ್ಲಿ ನುರಿತಿದ್ದ ಜಾನ್ ವಿಲ್ಕಿನ್‌ಸನ್ ಸಿಲಿಂಡರನ್ನು ನಿಖರವಾಗಿ ಕೊರೆದುಕೊಟ್ಟ. 1776ರಲ್ಲಿ ಯಂತ್ರಗಳು ಕೆಲಸಕ್ಕೆ ನಿಂತವು. ಉಳಿತಾಯವಾದ ಕಲ್ಲಿದ್ದಲಿನ ಬೆಲೆಯಲ್ಲಿ ಮೂರನೇ ಒಂದು ಪಾಲು ಇವರಿಗೆ ಸಲ್ಲುತ್ತಿತ್ತು.

ಗಿರಣಿಗಳಿಗೆ ಚಕ್ರ ತಿರುಗಿಸುವ ಯಂತ್ರ ಬೇಕಿತ್ತು. ಕ್ರ್ಯಾಂಕಿನ ಪೇಟೆಂಟ್ ಬೇರೆಯವರ ಕೈಯಲ್ಲಿತ್ತು. ಅದಕ್ಕಾಗಿ 1781ರಲ್ಲಿ, ಸೂರ್ಯನ ಸುತ್ತ ಗ್ರಹದಂತೆ ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ಸುತ್ತುವ ಜೋಡಣೆಗೆ ವಾಟ್ ಪೇಟೆಂಟ್ ಪಡೆದ. ಎರಡರ ಹಲ್ಲುಗಳೂ ಸಮವಿದ್ದಾಗ, ಪಿಸ್ಟನ್ ಒಮ್ಮೆ ಹೋಗಿ ಬರುವಷ್ಟರಲ್ಲಿ ಗಾಲಿ ಎರಡು ಸುತ್ತು ತಿರುಗುತ್ತಿತ್ತು. ಇದು ಅವರ ನೌಕರ ವಿಲಿಯಂ ಮರ್ಡಾಕ್‌ನ ಬುದ್ಧಿ ಎನ್ನುವವರಿದ್ದಾರೆ. 1784ರಲ್ಲಿ, ತೊಲೆಯ ತುದಿ ಕಮಾನಿನಂತೆ ಬಾಗಿ ಚಲಿಸಿದರೂ ಪಿಸ್ಟನ್ ದಂಡ ನೆಟ್ಟಗೆ ಆಡುವಂತೆ ಸರಳುಗಳನ್ನು ಹೊಂದಿಸಿದ. ವಾಟ್‌ಗೆ ಎಲ್ಲಕ್ಕಿಂತ ಹೆಮ್ಮೆ ಇದ್ದದ್ದು ಇದರ ಮೇಲೆ.

1819ರ ಆಗಸ್ಟ್ 25ರಂದು ವಾಟ್ ತೀರಿಕೊಂಡ. ಇಂದು ಪ್ರತಿ ಬಲ್ಬಿನ ಮೇಲೂ ಆತನ ಹೆಸರಿದೆ. ಮಾದರಿಯನ್ನು ಸರಿಮಾಡಿ ಕೂಲಿ ಪಡೆದು ಸುಮ್ಮನಾಗಬಹುದಿತ್ತು. ಅದು ಏಕೆ ನಿಲ್ಲುತ್ತದೆ ಎಂದು ಕೇಳಿದ್ದೇ ಆತನ ದೊಡ್ಡತನ.