ಧಾರವಾಡದಲ್ಲಿ ಹುಟ್ಟಿ ಪುಣೆಯಲ್ಲಿ ಪಳಗಿದ ಬಾಳೂ

ಸ್ವಾರಗೇಟಿನ ನಿಲ್ದಾಣದಲ್ಲಿ ಧಾರವಾಡದ ಬಸ್ಸು ಹತ್ತುವ ಪುಣೆ ಕನ್ನಡಿಗರಿಗೆ ಈ ಎರಡು ಊರುಗಳ ನಂಟು ಹೊಸದಲ್ಲ. ಆ ನಂಟಿನ ಒಂದು ಹಳೆಯ ಕೊಂಡಿ ಪಾಳವಣಕರ ಬಾಳೂ. ಭಾರತದ ಮೊದಲ ಶ್ರೇಷ್ಠ ಬೌಲರ್ ಎಂದು ಇತಿಹಾಸಕಾರರು ಗೌರವಿಸುವ ಇವರು ಕ್ರಿಕೆಟ್ ಅಂಗಳಕ್ಕೆ ಕಾಲಿಟ್ಟದ್ದು ಆಟಗಾರರಾಗಿ ಅಲ್ಲ, ತಿಂಗಳ ಸಂಬಳದ ಕೆಲಸಗಾರರಾಗಿ.

1870ರ ದಶಕದ ಮಧ್ಯದಲ್ಲಿ ಧಾರವಾಡದಲ್ಲಿ ಜನಿಸಿದ ಬಾಳೂ, ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಚರ್ಮಕಾರ ಸಮುದಾಯದವರು. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಕುಟುಂಬ ಪುಣೆಗೆ ಬಂದು ನೆಲೆಸಿತು. ಬಾಳೂ ಮತ್ತು ತಮ್ಮ ಶಿವರಾಮ ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಿಂದಲೇ ಆಟ ಕಲಿತರು. ಮೊದಲು ಪಾರಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸಿ ರೋಲರ್ ಎಳೆಯುವ ಕೆಲಸ, ಸಂಬಳ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದಾಗ ಅದು 4 ರೂಪಾಯಿಗೆ ಏರಿತು.

ಅಲ್ಲಿ ನೆಟ್ ಕಟ್ಟುವುದರ ಜೊತೆಗೆ ಸದಸ್ಯರ ಅಭ್ಯಾಸಕ್ಕೆ ಬೌಲಿಂಗ್ ಮಾಡುವ ಕೆಲಸವೂ ಅವರ ಪಾಲಿಗೆ ಬಂದಿತು. ಹೆಸರಾಂತ ಬ್ಯಾಟ್ಸಮನ್ ಜೆ. ಜಿ. ಗ್ರೇಗ್ ಬಾಳೂ ಅವರ ಎಡಗೈ ಸ್ಪಿನ್ ಎದುರಿಸಲೆಂದೇ ಬೇಗನೆ ಬರುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಕಥೆಯೂ ಉಂಟು. ಹೀಗೆ ಸಾವಿರಾರು ಎಸೆತಗಳಲ್ಲಿ ಬೌಲಿಂಗ್ ಪಳಗಿತು. ಆದರೆ ಅಲ್ಲಿ ಬ್ಯಾಟು ಹಿಡಿಯುವ ಅವಕಾಶ ದೊರೆಯಲಿಲ್ಲ.

ಪುಣೆಯ ಹಿಂದೂಗಳ ಕ್ಲಬ್ಬಿಗೆ ಯುರೋಪಿಯನ್ನರನ್ನು ಸೋಲಿಸಲು ಬಾಳೂ ಬೇಕಾದರು. ತೆಲುಗು ಸದಸ್ಯರು ಅವರನ್ನು ಸೇರಿಸಿಕೊಳ್ಳಬೇಕೆಂದರೆ, ಕೆಲವು ಸ್ಥಳೀಯ ಬ್ರಾಹ್ಮಣ ಸದಸ್ಯರು ವಿರೋಧಿಸಿದರು. ಕೊನೆಗೆ ಸ್ಥಾನವೇನೋ ದೊರೆಯಿತು. ಮೈದಾನದಲ್ಲಿ ಎಲ್ಲರೂ ಅವರು ಮುಟ್ಟಿದ ಚೆಂಡನ್ನೇ ಮುಟ್ಟಿದರು. ಚಹಾದ ವಿರಾಮದಲ್ಲಿ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಅವರಿಗೆ ಚಹಾ ಕೊಡಲಾಗುತ್ತಿತ್ತು. ಚೆಂಡಿಗಿಲ್ಲದ ಮೈಲಿಗೆ ಬಟ್ಟಲಿಗೆ ಎಲ್ಲಿಂದ ಬಂದಿತು?

1896ರ ಪ್ಲೇಗಿನ ಕಾಲದಲ್ಲಿ ಬಾಳೂ ಮುಂಬಯಿಗೆ ತೆರಳಿ ಹಿಂದೂ ಜಿಮಖಾನೆಯ ಪರ ಆಡತೊಡಗಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಅವರು ಎರಡು ಇನ್ನಿಂಗ್ಸುಗಳಲ್ಲಿ 8 ವಿಕೆಟ್ ಪಡೆದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋದಾಗ ತಂಡ ಸೋಲಿನ ಮೇಲೆ ಸೋಲು ಕಂಡರೂ ಬಾಳೂ 114 ವಿಕೆಟ್ ಗಳಿಸಿದರು.

ಇಷ್ಟಾದರೂ ನಾಯಕತ್ವ ದೂರವೇ ಉಳಿಯಿತು. ಅಣ್ಣನ ದಾರಿಯಲ್ಲೇ ಶಿವರಾಮ, ಗಣಪತ ಮತ್ತು ವಿಠ್ಠಲ ಹಿಂದೂ ತಂಡದ ಆಟಗಾರರಾಗಿ ಬೆಳೆದಿದ್ದರು. 1920ರಲ್ಲಿ ಅನ್ಯಾಯವನ್ನು ಪ್ರತಿಭಟಿಸಿ ಸಹೋದರರು ತಂಡದಿಂದ ಹೊರಗುಳಿದರು. ಬಳಿಕ ಬಾಳೂ ಉಪನಾಯಕರಾದರು, ನಾಯಕ ಎಂ. ಡಿ. ಪೈ ಮೈದಾನದಿಂದ ಹೊರಗಿದ್ದ ಅವಧಿಯಲ್ಲಿ ತಂಡವನ್ನು ನಡೆಸಿದರು. 1923ರಲ್ಲಿ ವಿಠ್ಠಲ ಪೂರ್ಣ ನಾಯಕರಾದರು. ಆ ವರ್ಷ ಚತುಷ್ಕೋನ ಪಂದ್ಯಾವಳಿಯನ್ನು ಹಿಂದೂ ತಂಡವೇ ಗೆದ್ದಿತು. ಅಣ್ಣನಿಗೆ ಸಲ್ಲದ ಗೌರವ ತಮ್ಮನಿಗೆ ಸಂದಿತು.

ಆಟ ಬಿಟ್ಟ ನಂತರ ಬಾಳೂ ಸಾರ್ವಜನಿಕ ಜೀವನಕ್ಕೆ ಬಂದರು. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಯುವಕರಾಗಿದ್ದಾಗ ತಮ್ಮನ್ನು ಅಭಿಮಾನದಿಂದ ಕಂಡಿದ್ದ ಡಾ. ಅಂಬೇಡ್ಕರ್ ಅವರ ವಿರುದ್ಧವೇ 1937ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಮುಂಬಯಿ ವಿಧಾನಸಭೆಗೆ ಸ್ಪರ್ಧಿಸಿ ಸೋತರು. 1955ರ ಜುಲೈ ತಿಂಗಳಲ್ಲಿ ಮುಂಬಯಿಯಲ್ಲಿ ನಿಧನರಾದರು.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್, ಇದು ದಾಖಲೆ ಹೇಳುವ ಲೆಕ್ಕ. ಪೆವಿಲಿಯನ್ನಿನ ಹೊರಗೆ ನಿಂತು ಕುಡಿದ ಚಹಾದ ಲೆಕ್ಕವನ್ನು ಮಾತ್ರ ಯಾರೂ ಇಟ್ಟಿಲ್ಲ. ನಮ್ಮ ಮಕ್ಕಳು ಬ್ಯಾಟು ಹಿಡಿದು ಮೈದಾನಕ್ಕೆ ಹೊರಟಾಗ ಎರಡನ್ನೂ ಅವರಿಗೆ ತಿಳಿಸುವುದು ಉಚಿತ.