ಶಾಲಾ ಬ್ಯಾಂಡಿನ ಬಾಲಕ ಲೂಯಿ ಆರ್ಮ್‌ಸ್ಟ್ರಾಂಗ್

ದೇವಾಲಯವೊಂದು ತನ್ನ ಶತಮಾನೋತ್ಸವವನ್ನು ಆಚರಿಸುವ ಸಂದರ್ಭದಲ್ಲಿ ಜ್ಞಾನಸ್ನಾನದ ಹಳೆಯ ದಾಖಲೆ ಪುಸ್ತಕಗಳನ್ನು ಹೊರತೆಗೆದು ಧೂಳು ಕೊಡವಿ ನೋಡುವುದು ರೂಢಿ. ಅಂತಹ ಪುಸ್ತಕಗಳ ಮಾಸಿದ ಪುಟಗಳಲ್ಲಿ ಯಾರ ಯಾರ ಹೆಸರು ಅಡಗಿರುತ್ತದೆಂಬುದನ್ನು ಹೇಳಲಾಗದು. ಅಮೆರಿಕ ದೇಶದ ನ್ಯೂ ಆರ್ಲಿಯನ್ಸ್ ನಗರದಲ್ಲಿದ್ದ ಯೇಸುವಿನ ತಿರುಹೃದಯ ದೇವಾಲಯದ ಪುಸ್ತಕವೊಂದರಲ್ಲಿ, 1901ನೆಯ ಇಸವಿ ಆಗಸ್ಟ್ 25ರಂದು ಜ್ಞಾನಸ್ನಾನ ಪಡೆದ ಮೂರು ವಾರಗಳ ಶಿಶುವೊಂದರ ಹೆಸರಿದೆ. ಶಿಶುವಿನ ಬಣ್ಣವನ್ನೂ, ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲವೆಂಬುದನ್ನೂ ಲತೀನ್ ಭಾಷೆಯ ಎರಡು ಕಠಿಣ ಪದಗಳಲ್ಲಿ ಅಲ್ಲಿ ಗುರುತಿಸಲಾಗಿದೆ. ಆ ಕಾಲದ ಲೇಖನಿ ಅಷ್ಟು ನಿರ್ದಯವಾಗಿತ್ತು. ಆ ಶಿಶುವೇ ಮುಂದೆ ಜಾಝ್ ಸಂಗೀತದ ಮಹಾಪುರುಷನೆಂದು ಜಗತ್ತು ಕೊಂಡಾಡಿದ ಲೂಯಿ ಆರ್ಮ್‌ಸ್ಟ್ರಾಂಗ್.

ತಂದೆಯು ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮನೆಯನ್ನು ತೊರೆದನು. ತಾಯಿ ಮೇರಿ ಬಡವಳು. ಮೊದಲ ಐದು ವರ್ಷ ಅಜ್ಜಿ ಜೋಸೆಫಿನಳೇ ಮಗುವನ್ನು ಸಾಕಿದಳು. ಬಳಿಕ ತಾಯಿಯ ಬಳಿ ಬಂದ ಲೂಯಿ ವಾಸಿಸಿದ ಕೇರಿಯಲ್ಲಿ ಜೂಜು, ಕುಡಿತ, ಹೊಡೆದಾಟಗಳು ನಿತ್ಯದ ಸಂಗತಿಗಳಾಗಿದ್ದವು. ಕಾರ್ನೋಫ್ಸ್ಕಿ ಎಂಬ ಯೆಹೂದ್ಯ ಕುಟುಂಬದವರ ಗಾಡಿಯಲ್ಲಿ ಕುಳಿತು ಹಳೆಯ ಸಾಮಾನು ಸಂಗ್ರಹಿಸುವುದು, ಕಲ್ಲಿದ್ದಲು ಮಾರುವುದು ಬಾಲಕನ ಕೆಲಸವಾಯಿತು. ಗಿರಾಕಿಗಳನ್ನು ಕರೆಯಲು ತಗಡಿನ ತುತ್ತೂರಿಯೊಂದನ್ನು ಊದುತ್ತಿದ್ದನು. ಆ ಮನೆಯವರು ಅವನಿಗೆ ಊಟವಿಕ್ಕಿ, ಅಡವಿನಂಗಡಿಯಲ್ಲಿ ಐದು ಡಾಲರಿಗೆ ಮಾರಾಟಕ್ಕಿದ್ದ ಕಾರ್ನೆಟ್ ವಾದ್ಯವೊಂದನ್ನು ಕೊಳ್ಳಲು ನೆರವಾದರು. ಈ ಉಪಕಾರವನ್ನು ಆತನು ಮರೆಯಲಿಲ್ಲ. ಜ್ಞಾನಸ್ನಾನ ಪಡೆದ ಈ ಮನುಷ್ಯನು ಮುಂದೆ ಕೊರಳಿನಲ್ಲಿ ದಾವೀದನ ನಕ್ಷತ್ರವನ್ನು ಧರಿಸುತ್ತಿದ್ದನು.

1912ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷವನ್ನು ಸ್ವಾಗತಿಸುವ ಗದ್ದಲದಲ್ಲಿ, ಹನ್ನೊಂದು ವರ್ಷದ ಲೂಯಿ ಮನೆಯಲ್ಲಿದ್ದ ಪಿಸ್ತೂಲೊಂದನ್ನು ತಂದು ಆಕಾಶದತ್ತ ಹಾರಿಸಿದನು. ಪೋಲೀಸರು ಹಿಡಿದರು. ಮರುದಿನವೇ ನ್ಯಾಯಾಲಯವು ಅವನನ್ನು ನಗರದ ಅಂಚಿನಲ್ಲಿದ್ದ, ನಿರ್ಗತಿಕ ಕರಿಯ ಬಾಲಕರ ಗೃಹಕ್ಕೆ ಕಳುಹಿಸಿತು. ಸೈನ್ಯದ ಅನುಭವವಿದ್ದ ಕ್ಯಾಪ್ಟನ್ ಜೋಸೆಫ್ ಜೋನ್ಸ್ ದಂಪತಿಗಳು ಅದನ್ನು ನಡೆಸುತ್ತಿದ್ದರು. ಕಹಳೆಯ ಸದ್ದಿಗೆ ಏಳಬೇಕು, ಕಹಳೆಯ ಸದ್ದಿಗೆ ಉಣ್ಣಬೇಕು, ಮರದ ಬಂದೂಕು ಹೊತ್ತು ಕವಾಯತು ಮಾಡಬೇಕು, ನೆಲ ತೊಳೆಯಬೇಕು. ಮನೆಯ ನೆನಪಿನಿಂದ ಮೊದಲ ಕೆಲವು ದಿನ ಬಾಲಕನಿಗೆ ಅನ್ನವೇ ಸೇರಲಿಲ್ಲ. ಕೊನೆಗೆ ಹಸಿವೇ ಗೆದ್ದಿತು.

ಆ ಗೃಹದಲ್ಲಿ ಒಂದು ಬ್ಯಾಂಡ್ ಇತ್ತು. ಅದರ ಶಿಕ್ಷಕರು ಪೀಟರ್ ಡೇವಿಸ್. ಕೆಟ್ಟ ಕೇರಿಯಿಂದ ಬಂದ ಹುಡುಗನೆಂದು ಅವರಿಗೆ ಲೂಯಿಯನ್ನು ಕಂಡರಾಗದು. ಅಲ್ಪ ಕಾರಣಕ್ಕೂ ಅಂಗೈಗೆ ಏಟು ಬೀಳುತ್ತಿತ್ತು. ಬಾಲಕನು ಪ್ರತಿದಿನ ಅಭ್ಯಾಸದ ಕೊಠಡಿಯ ಮೂಲೆಯಲ್ಲಿ ಕುಳಿತು ಇತರರು ನುಡಿಸುವುದನ್ನು ಮೌನವಾಗಿ ಆಲಿಸುತ್ತಿದ್ದನು. ತಿಂಗಳುಗಳು ಉರುಳಿದ ಮೇಲೆ ಶಿಕ್ಷಕರ ಮನಸ್ಸು ಸ್ವಲ್ಪ ಕರಗಿತು. ಮೊದಲಿಗೆ ದೊರೆತದ್ದು ಕಾರ್ನೆಟ್ ಅಲ್ಲ, ಕೈಯಲ್ಲಿ ತಟ್ಟುವ ಟ್ಯಾಂಬೊರಿನ್! ಅದನ್ನೇ ತಾಳ ತಪ್ಪದೆ ನುಡಿಸಿದುದರಿಂದ ಡ್ರಮ್ಮು ದೊರೆಯಿತು. ಅನಂತರ ಆಲ್ಟೋ ಹಾರ್ನ್. ಆಲ್ಟೋ ಹಾರ್ನಿನವನಿಗೆ ಮುಖ್ಯ ರಾಗವನ್ನು ನುಡಿಸುವ ಭಾಗ್ಯ ಕಡಿಮೆ. ಇತರರ ರಾಗಕ್ಕೆ ಒತ್ತಾಸೆಯಾಗಿ ನಿಲ್ಲುವುದೇ ಅವನ ಕರ್ತವ್ಯ. ಲೂಯಿಯ ಕಿವಿ ಪಳಗಿದುದು ಅಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ. ಆಮೇಲೆ ಗೃಹದ ಕಹಳೆಗಾರನ ಹುದ್ದೆ ಬಂದಿತು. ಕೈಗೆ ಬಂದ ಕಹಳೆಯು ಕಿಲುಬು ಹಿಡಿದು ಹಸುರಾಗಿತ್ತು. ಅದನ್ನು ಉಜ್ಜಿ ಉಜ್ಜಿ ಥಳಥಳಿಸುವಂತೆ ಮಾಡಿ ಊದತೊಡಗಿದನು. ಕಟ್ಟಕಡೆಗೆ ಕಾರ್ನೆಟ್.

ಹಿತ್ತಾಳೆಯ ವಾದ್ಯ ನುಡಿಸಿದವರಿಗೆ ಆ ಶ್ರಮವೆಷ್ಟೆಂಬುದು ತಿಳಿದಿದೆ. ಕಾರ್ನೆಟ್ಟಿಗೆ ಇರುವ ಗುಂಡಿಗಳು ಮೂರೇ ಮೂರು. ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಸ್ವರ ಹುಟ್ಟದು. ಬಟ್ಟಲಿನಾಕಾರದ ಬಾಯಿತುಂಡಿಗೆ ಒತ್ತಿದ ತುಟಿಗಳು ಕಂಪಿಸಿದಾಗಲೇ ನಾದ ಹೊರಡುವುದು. ಒಂದೇ ಗುಂಡಿಯಲ್ಲಿ ಹಲವು ಸ್ವರಗಳಿವೆ; ಅವುಗಳನ್ನು ಬೇರ್ಪಡಿಸುವುದು ತುಟಿಯ ಬಿಗಿತ ಮತ್ತು ಉಸಿರಿನ ಬಲ. ಆದುದರಿಂದ ಒಂದೇ ಸ್ವರವನ್ನು ಅಲುಗದಂತೆ ದೀರ್ಘಕಾಲ ಹಿಡಿಯುವ ಬೇಸರದ ಅಭ್ಯಾಸವಿಲ್ಲದೆ ಯಾರಿಗೂ ಈ ವಾದ್ಯ ಒಲಿಯದು. ಡೇವಿಸರು ನಾದದ ಶುದ್ಧಿಗೆ ಬಹಳ ಮಹತ್ವ ಕೊಟ್ಟರು. ಕಾಲಾನುಕ್ರಮದಲ್ಲಿ ಲೂಯಿಯೇ ಬ್ಯಾಂಡಿನ ನಾಯಕನಾದನು. ನಾಯಕನ ಸಮವಸ್ತ್ರವು ಉಳಿದವರಿಗಿಂತ ಬೇರೆ, ಕೆನೆ ಬಣ್ಣದ್ದು.

ಒಂದು ದಿನ ಬ್ಯಾಂಡಿನ ಮೆರವಣಿಗೆಯು ಲೂಯಿಯ ಸ್ವಂತ ಕೇರಿಯ ಮೂಲಕವೇ ಸಾಗಿತು. ಪಿಸ್ತೂಲು ಹಾರಿಸಿ ಪೋಲೀಸರ ವಶವಾದ ಹುಡುಗ, ಮಕ್ಕಳ ಸಾಲಿನ ಮುಂದೆ ಕಾರ್ನೆಟ್ ಊದುತ್ತಾ ಬರುವುದನ್ನು ಕಂಡ ಜನರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಯಾರೋ ಓಡಿಹೋಗಿ ನಿದ್ರಿಸುತ್ತಿದ್ದ ತಾಯಿಯನ್ನು ಎಬ್ಬಿಸಿದರು. ಜೂಜುಕೋರರೂ ಪುಂಡರೂ ಸಹ ಶಿಕ್ಷಕರ ಅಪ್ಪಣೆ ಪಡೆದು ಹಣ ನೀಡಲು ಮುಂದಾದರು. ನಾಣ್ಯಗಳಿಂದ ಹುಡುಗರ ಹಲವು ಟೋಪಿಗಳು ತುಂಬಿದವು. ಆ ಹಣದಿಂದಲೇ ಇಡೀ ಬ್ಯಾಂಡಿಗೆ ಹೊಸ ಸಮವಸ್ತ್ರಗಳೂ ವಾದ್ಯಗಳೂ ಬಂದವು. ಹಬ್ಬದ ಮೆರವಣಿಗೆಯಲ್ಲಿ ಬಿಸಿಲಿನಡಿ ಮೈಲುಗಟ್ಟಲೆ ನುಡಿಸುತ್ತಾ ನಡೆದ ನಮ್ಮ ಊರಿನ ಬ್ಯಾಂಡಿನವರಿಗೆ ಆ ದಿನದ ಆನಂದವನ್ನು ವಿವರಿಸಬೇಕಾಗಿಲ್ಲ.

1914ರಲ್ಲಿ ಬಿಡುಗಡೆ ಹೊಂದಿದ ಲೂಯಿ ಹಗಲು ಕಲ್ಲಿದ್ದಲಿನ ಗಾಡಿ ಹೊಡೆದು, ರಾತ್ರಿ ಕಾರ್ನೆಟ್ ನುಡಿಸಿದನು. ಜೋ ಆಲಿವರ್ ಎಂಬ ಪ್ರಖ್ಯಾತ ವಾದಕರು ಗುರುವಾಗಿ ದೊರೆತರು. ಮಿಸಿಸಿಪ್ಪಿ ನದಿಯ ಹಡಗುಗಳ ವಾದ್ಯಗೋಷ್ಠಿಯಲ್ಲಿ ಸೇವೆ, 1922ರಲ್ಲಿ ಆಲಿವರರ ಕರೆಯಂತೆ ಶಿಕಾಗೋ ನಗರ, 1925ರಿಂದ ಸ್ವಂತ ತಂಡದ ಧ್ವನಿಮುದ್ರಣಗಳು. ಜಾಝ್ ಸಂಗೀತದಲ್ಲಿ ಒಬ್ಬನೇ ವಾದಕನು ಮನೋಧರ್ಮದಂತೆ ರಾಗವನ್ನು ವಿಸ್ತರಿಸುವ ಕಲೆಗೆ ಘನತೆ ತಂದವರು ಆರ್ಮ್‌ಸ್ಟ್ರಾಂಗರೇ ಎಂದು ಸಂಗೀತಜ್ಞರು ಒಪ್ಪುತ್ತಾರೆ. ಅತಿಯಾದ ವಾದನದಿಂದ ತುಟಿ ಒಡೆದು, ನಡುವೆ ವಿಶ್ರಮಿಸಬೇಕಾಗಿಯೂ ಬಂದಿತು. 1949ರಲ್ಲಿ ರೋಮಾಪುರಿಯಲ್ಲಿ ಪತ್ನಿಸಮೇತರಾಗಿ ಜಗದ್ಗುರು ಹನ್ನೆರಡನೆಯ ಪಿಯುಸರ ದರ್ಶನ ಪಡೆದರು. 1964ರಲ್ಲಿ, ಅರುವತ್ತೆರಡರ ವಯಸ್ಸಿನಲ್ಲಿ, ಅವರ ಹಾಡೊಂದು ಬೀಟಲ್ಸ್ ತರುಣರನ್ನು ಹಿಂದಿಕ್ಕಿ ಅಮೆರಿಕದಲ್ಲಿ ಪ್ರಥಮ ಸ್ಥಾನಕ್ಕೇರಿತು.

ಇಷ್ಟೆಲ್ಲ ಕೀರ್ತಿ ಬಂದರೂ ಹುಟ್ಟೂರಿನೊಡನೆ ಒಂದು ನೋವು ಉಳಿದಿತ್ತು. ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ನುಡಿಸಕೂಡದೆಂದು ಲೂಸಿಯಾನಾ ರಾಜ್ಯವು 1956ರಲ್ಲಿ ಕಾನೂನು ಮಾಡಿತು. ಎರಡೂ ವರ್ಣದವರಿದ್ದ ತಮ್ಮ ತಂಡವನ್ನು ಒಡೆಯಲು ಆರ್ಮ್‌ಸ್ಟ್ರಾಂಗರು ಒಪ್ಪದೆ, ಆ ಊರಿನಲ್ಲಿ ನುಡಿಸುವುದನ್ನೇ ಬಿಟ್ಟರು. ಸದಾ ನಗುವ ವಿನೋದಗಾರನೆಂದು ಅವರನ್ನು ಹಗುರವಾಗಿ ಕಂಡವರು ಈ ಹಟವನ್ನು ಗಮನಿಸಲಿಲ್ಲ. ಕಾನೂನು ಬಿದ್ದುಹೋದ ಮೇಲೆ 1965ರಲ್ಲಿ ಅವರು ಮರಳಿ ನುಡಿಸಲು ಬಂದಾಗ ವಿಮಾನ ನಿಲ್ದಾಣದಲ್ಲಿ ಸ್ವಾಗತಿಸಿದವರಲ್ಲಿ ವೃದ್ಧ ಪೀಟರ್ ಡೇವಿಸರೂ ಇದ್ದರು. ಅಂಗೈಗೆ ಹೊಡೆದ ಗುರು, ಹೊಡೆಸಿಕೊಂಡ ಶಿಷ್ಯ, ಇಬ್ಬರೂ ಪರಸ್ಪರ ಆಲಂಗಿಸಿದರು.

ತಾವು 1900ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯದಿನದಂದೇ ಜನಿಸಿದವರೆಂದು ಆರ್ಮ್‌ಸ್ಟ್ರಾಂಗರು ಜೀವಮಾನವಿಡೀ ಹೇಳುತ್ತಿದ್ದರು. 1971ರ ಜುಲೈ 4ರಂದು ಎಪ್ಪತ್ತೊಂದು ತುಂಬಿತೆಂದು ಹುಟ್ಟುಹಬ್ಬ ಆಚರಿಸಿ, ಜುಲೈ 6ರಂದು ನ್ಯೂಯಾರ್ಕಿನ ಸ್ವಗೃಹದಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ಹದಿನೇಳು ವರ್ಷಗಳ ಬಳಿಕ, 1988ರಲ್ಲಿ, ತಿರುಹೃದಯ ದೇವಾಲಯದ ಹಳೆಯ ಪುಸ್ತಕದ ಪುಟವು ಸಂಶೋಧಕರೊಬ್ಬರ ಕಣ್ಣಿಗೆ ಬಿದ್ದಿತು. ಅದರಲ್ಲಿರುವ ಜನನದ ದಿನ 1901ರ ಆಗಸ್ಟ್ 4. ಆ ಲೆಕ್ಕದಂತೆ, ತೀರಿಕೊಂಡಾಗ ಅವರಿಗೆ ಎಪ್ಪತ್ತು ತುಂಬಲು ಇನ್ನೂ ಇಪ್ಪತ್ತೊಂಬತ್ತು ದಿನಗಳಿದ್ದವು.